ಮೊದಲ ಹತ್ತು ಜನ

ಮಾರ್ಚ್ ೪, ಮಧ್ಯಾಹ್ನ

ಮತ್ತೆ ಅದೇ ಜಗಳ. ನಮ್ಮ ಕಂಪೈಲರ್ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಅಂದರೆ ಕ್ವೆರಿ, ಓದಿ, ಬೇಡದ ಕೆಲಸ ಕಿತ್ತುಹಾಕಿ, ಬೇಗ ಓಡಿಸುತ್ತದೆ. ಕಿತ್ತುಹಾಕುವ ಭಾಗ ಬರೆದವರು ಟೀಮಿನ ಹಿರಿಯರು. ಬೆನ್ನ ಹಿಂದೆ ನಮಗೆಲ್ಲ ಅವರು ಕತ್ತರಿ ಸರ್. ಕ್ವೆರಿಯ ಹೊಟ್ಟೆಯಲ್ಲಿರುವ ಸಬ್‌ಕ್ವೆರಿಯೊಳಗೆ 'ಇಂಥ ಕ್ರಮದಲ್ಲಿ ನಿಲ್ಲಿಸು' ಎನ್ನುವ ಆರ್ಡರ್ ಬೈ ಕಂಡರೆ ಸಾಕು — ಕಚಕ್.

"ಒಳಗಡೆ ಸಾಲು ನಿಲ್ಸಿ ಏನಮ್ಮ ಪ್ರಯೋಜನ? ಹೊರಗಿನ ಕ್ವೆರಿ ಹೇಗೂ ಕಲಸಿಬಿಡುತ್ತೆ."

"ಪಕ್ಕದಲ್ಲೇ ಲಿಮಿಟ್ ಹತ್ತು, ಮೊದಲ ಹತ್ತೇ ಸಾಕು ಅಂತ ಇದ್ರೆ ಸರ್?"

"ಟೆಸ್ಟೆಲ್ಲ ಪಾಸಾಗಿವೆಯಲ್ಲ."

ಶುಕ್ರವಾರ ರಿಲೀಸ್. ಮೊದಲು ಬಳಸುವುದು ಒಂದು ಆಸ್ಪತ್ರೆ; ಟ್ರಯಲ್ ಆವೃತ್ತಿ ಆಗಲೇ ಅವರ ಬಳಿ ಇದೆ. ಅವರ ಒಳಗಿನ ಕ್ವೆರಿ ಆಪರೇಷನ್ನಿಗೆ ಎಲ್ಲರಿಗಿಂತ ಹೆಚ್ಚು ದಿನ ಕಾದ ಹತ್ತು ಜನರನ್ನು ಆರಿಸುತ್ತದೆ, ಹೊರಗಿನದು ಅವರ ಫೋನ್ ನಂಬರ್ ಸೇರಿಸುತ್ತದೆ. ಆರ್ಡರ್ ಬೈ ಕಿತ್ತರೆ ಬರುವ ಹತ್ತು ಜನ ಯಾರೋ ಏನೋ.

ಸಂಜೆ

ನಮ್ಮವರಿಗೆ ಹೇಳಿದೆ. ಶಾಲೆಯ ಡ್ರಿಲ್ ಮೇಷ್ಟ್ರು, ಕಂಪ್ಯೂಟರ್ ಎಂದರೆ ಆಕಳಿಕೆ.

"ಹೈಟ್ ನೋಡಿ ನಿಲ್ಲಿಸದೆ ಮೊದಲ ಹತ್ತು ಜನ ಬನ್ನಿ ಅಂದ್ರೆ, ಗೇಟ್ ಹತ್ರ ಇರೋರು ಬರ್ತಾರೆ ಕಣೆ. ಇದಕ್ಕೆ ಮೀಟಿಂಗ್ ಬೇರೆನಾ?"

ಮಾರ್ಚ್ ೫

ಸಿಕ್ಕಿತು. ಟೆಸ್ಟ್ ಟೇಬಲ್ಲಿನಲ್ಲಿ ಸಾಲುಗಳನ್ನು ತುಂಬಿದವರು ಕ್ರಮವಾಗಿಯೇ ತುಂಬಿದ್ದಾರೆ. ಹಾಗಾಗಿ ಆರ್ಡರ್ ಬೈ ಕತ್ತರಿಸಿದರೂ ಉತ್ತರ ಸರಿ... ಅದೃಷ್ಟದ ಪಾಸು. ಸಾಲುಗಳನ್ನು ಕಲಸಿ ಓಡಿಸಿದೆ. ಸ್ಕ್ರೀನ್ ತುಂಬ ಕೆಂಪು, ಫೇಲ್ ಮೇಲೆ ಫೇಲ್.

ಕತ್ತರಿ ಸರ್ ಕುರ್ಚಿ ಎಳೆದುಕೊಂಡು ಕೂತರು. "ಇನ್ನೊಂದ್ಸಲ ಓಡ್ಸು." ಓಡಿಸಿದೆ. ಮತ್ತೆ ಕೆಂಪು.

"ಎಲ್ಲರನ್ನೂ ಸಾಲು ನಿಲ್ಸಿದ್ರೆ ಸ್ಪೀಡ್ ಹೋಗುತ್ತಲ್ಲಮ್ಮ."

"ಎಲ್ಲರನ್ನೂ ಬೇಡ ಸರ್. ನಾಳೆವರೆಗೆ ಟೈಮ್ ಕೊಡಿ."

ಮಾರ್ಚ್ ೬

ಮುಗಿಸಿದೆ. ಲಿಮಿಟ್ ಇಲ್ಲದಿದ್ದರೆ ಧಾರಾಳವಾಗಿ ಕತ್ತರಿಸಲಿ. ಇದ್ದರೆ ಮುಟ್ಟುವಂತಿಲ್ಲ. ಆಗಲೂ ಹತ್ತೇ ಜನರನ್ನು ಕೈಯಲ್ಲಿಟ್ಟುಕೊಂಡು, ಹೆಚ್ಚು ಕಾದವರು ಸಿಕ್ಕಾಗ ಕಡಿಮೆ ಕಾದವರನ್ನು ಬಿಟ್ಟರಾಯಿತು. ಸ್ಪೀಡ್ ಹೆಚ್ಚುಕಡಿಮೆ ಅಷ್ಟೇ ಇದೆ.

ಸರ್ ಒಂದೊಂದೇ ಸಾಲು ಓದಿದರು. ಆಮೇಲೆ ಎಲ್ಲರ ಮುಂದೆ — "ಎಲ್ಲಿ ಕತ್ತರಿಸಬಾರದು ಅಂತ ಕತ್ತರಿಗೆ ಹೇಳಿಕೊಟ್ಟವಳು ಇವಳು."

ಅಡ್ಡಹೆಸರು ಅವರಿಗೂ ಗೊತ್ತು. ನಾವೆಲ್ಲ ನೆಲ ನೋಡಿದೆವು. ಆದರೂ ಹೆಮ್ಮೆಯಾಯಿತು, ಬಹಳ ಹೆಮ್ಮೆಯಾಯಿತು. ಮನೆಗೆ ಬರುವಾಗ ಕಾಲು ನೆಲಕ್ಕೆ ತಾಗಲಿಲ್ಲ.

ಮಾರ್ಚ್ ೧೯

ಆಸ್ಪತ್ರೆಯ ಗುಮಾಸ್ತೆ ಫೋನ್ ಮಾಡಿದ್ದರು. ಸರ್ ನನ್ನನ್ನು ಕರೆದು ಸ್ಪೀಕರ್ ಹಾಕಿದರು.

"ನೀವು ಟ್ರಯಲ್‌ಗೆ ಕೊಟ್ಟಿದ್ರಲ್ಲ, ಅದರ ಹತ್ತು ಜನರಲ್ಲಿ ಒಬ್ಬ ಅಜ್ಜಿ ಇರಲೇ ಇಲ್ಲ. ಈಗ ಕೊಟ್ಟಿರೋದ್ರಲ್ಲಿ ಅವರೇ ಫಸ್ಟ್. ಇವತ್ತು ಕಾಲ್ ಮಾಡ್ದೆ. 'ನನ್ನನ್ನೇನಾ ಕರೀತಿರೋದು, ನನ್ನನ್ನೇನಾ' ಅಂತ ಕೇಳ್ತಾನೇ ಇದ್ರು."

ಆ ಅಜ್ಜಿಗೆ ನಾನು ಯಾರೆಂದು ಗೊತ್ತಾಗುವುದಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ನನಗೆ ಗೊತ್ತು, ನಾನು ಕತ್ತರಿಗೆ ಹೇಳಿಕೊಟ್ಟವಳು.