ಕ್ಯಾಮೆರಾದಲ್ಲಿ ಉಳಿದ ನಿನ್ನ ಅಪ್ಪ

೧೭ ಮಾರ್ಚ್, ಭಾನುವಾರ ಮಧ್ಯಾಹ್ನ

ಮಗಳೇ,

ಸೊಸೆ ಎಂದು ಬರೆಯಹೋಗಿ, ಕೋರ್ಟಿನ ವಿಚ್ಛೇದನದ ಕಾಗದ ನೆನಪಾಗಿ ತಡೆದೆ. ಮಗಳೇ ಎಂದರೆ ಯಾವ ಕಾಗದವೂ ಅಡ್ಡ ಬರಲಾರದು ಅಂದುಕೊಂಡೆ. ನಿನಗೆ ಬೇಡವಾದರೆ ಹೇಳು. ಆರೋಗ್ಯವಾಗಿದ್ದೀಯ ತಾನೆ? ಆಸ್ಪತ್ರೆಯಲ್ಲಿ ರೋಗಿಗಳ ಊಟದ ಹೊತ್ತು ನೋಡುತ್ತ ನಿನ್ನ ಊಟ ಮರೆಯುವ ಅಭ್ಯಾಸ ಈಗಲಾದರೂ ಬಿಟ್ಟಿದ್ದೀಯ? ನಿನ್ನ ಪತ್ರ ಬಂದು ಮೂರು ವಾರವಾಯಿತು. ಸಿಟ್ಟಾಗಬೇಡ. ಬರಿಗೈಯಲ್ಲಿ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ನಿನ್ನ ಅಪ್ಪ ತೀರಿಕೊಂಡ ಸುದ್ದಿ ಓದಿ ಹೊಲಿಗೆ ಯಂತ್ರದ ಮುಂದೆ ಹಾಗೇ ಕೂತುಬಿಟ್ಟೆ. ಅವರ ಒಂದು ಒಳ್ಳೆಯ ಫೋಟೋ ಕೂಡ ನಿನ್ನ ಬಳಿ ಇಲ್ಲ, ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದಾಗ ತೆಗೆದದ್ದು ನೀನು ಬಿಟ್ಟುಹೋದ ಕ್ಯಾಮೆರಾದಲ್ಲೇ ಇರಬೇಕು ಎಂದು ಬರೆದಿದ್ದೆಯಲ್ಲ. ಕ್ಯಾಮೆರಾ ಸಿಕ್ಕಿತು, ಪರದೆ ಬಟ್ಟೆಗಳ ಗಂಟಿನ ಕೆಳಗೆ. ನನ್ನ ಮಗ ಅದನ್ನು ನೋಡಿ, "ಹಳೇ ಡಬ್ಬ ಅದು. ಕೇಬಲ್ ಹಾಕಿದ್ರೂ ಕಂಪ್ಯೂಟರ್ ಗುರುತು ಹಿಡಿಯಲ್ಲ, ಬಿಡಮ್ಮ" ಎಂದು ಕೆಲಸಕ್ಕೆ ಹೋದ. ಬಿಡಲು ನನಗೆ ಆಗಲಿಲ್ಲ.

ಕೆಳಗಿನ ಮನೆಗೆ ಬಂದಿರುವ ಟೈಪಿಂಗ್ ಮೇಷ್ಟ್ರ ಹತ್ತಿರ ಕಂಪ್ಯೂಟರ್ ಇದೆ. ಚಾರ್ಜ್ ಮಾಡಿದ ಕ್ಯಾಮೆರಾ ತೆಗೆದುಕೊಂಡು ಇಳಿದೆ. ಅದರ ಪುಟ್ಟ ಪರದೆಯಲ್ಲಿ ನಿನ್ನ ಅಪ್ಪ ಕಾಣುತ್ತಿದ್ದರು, ಉಗುರಿನಷ್ಟು ಮುಖ. ದೊಡ್ಡದಾಗಿ ತೆಗೆಯಬೇಕೆಂದರೆ ಕಂಪ್ಯೂಟರಿಗೆ ಬರಬೇಕು. ಒಳಗೆ ಕಾರ್ಡೂ ಇಲ್ಲ, ಫೋಟೋ ಎಲ್ಲ ಕ್ಯಾಮೆರಾದ ಹೊಟ್ಟೆಯಲ್ಲೇ ಇದೆ, ಕೇಬಲ್ ಒಂದೇ ದಾರಿ ಎಂದರು ಮೇಷ್ಟ್ರು. ಹಚ್ಚಿದರು. ಕಂಪ್ಯೂಟರ್ ಉಸಿರೆತ್ತಲಿಲ್ಲ. ಈ ತೂತು ಆಯಿತು, ಆ ತೂತು ಆಯಿತು, ಆರಿಸಿ ಮತ್ತೆ ಹಚ್ಚಿದ್ದೂ ಆಯಿತು.

"ಬೇಜಾರು ಮಾಡ್ಕೋಬೇಡಿ ಅಮ್ಮ, ಇದು ಕೆಲವು ಸಲ ನನ್ನನ್ನೇ ಗುರುತು ಹಿಡಿಯಲ್ಲ" ಎಂದರು ಮೇಷ್ಟ್ರು.

"ನಿಮ್ಮಲ್ಲಿ ಗುರುತು ಹಿಡಿಯೋಕೆ ಏನಿದೆ ಅಂತ!" ಎಂದು ಅಡುಗೆಮನೆಯಿಂದ ಅವರ ಹೆಂಡತಿ. ಎಷ್ಟೋ ದಿನದ ಮೇಲೆ ನನಗೆ ನಗು ಬಂತು.

ಮರುದಿನ ಅಂಗಡಿಗೆ ಹೋದೆ. ಅಲ್ಲಿನ ಹುಡುಗಿ ನನ್ನ ಕೇಬಲನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಬರೀ ಕರೆಂಟ್ ಹೋಗುತ್ತೆ ಆಂಟಿ, ಫೋಟೋ ಹೋಗಲ್ಲ" ಎಂದು ಬೇರೆಯದು ಕೊಟ್ಟಳು. ಹೊರಗಿನಿಂದ ಎರಡೂ ಒಂದೇ ಥರ, ನೋಡು. ಮೇಷ್ಟ್ರ ಮನೆಗೆ ಬಂದು ಹೊಸದನ್ನು ಹಚ್ಚಿದಾಗ ಕಂಪ್ಯೂಟರ್ 'ಟಿಣ್' ಎಂದಿತು. ಮೇಷ್ಟ್ರೂ ನಾನೂ ಬಗ್ಗಿದೆವು. ಇದು ಯಾವ ಸಾಧನವೋ ತಿಳಿಯದು ಎಂದು ಪರದೆಯ ಮೇಲೆ ಬಂತು. ಮೇಷ್ಟ್ರು ಕೈಚೆಲ್ಲಿದರು.

ಅವರ ಹೆಂಡತಿ ಮಾತ್ರ ಪಟ್ಟು ಬಿಡಲಿಲ್ಲ. ಕೈ ಒರೆಸಿಕೊಂಡು ಬಂದು, ಭೂತಗನ್ನಡಿ ಹಿಡಿದು, ಕ್ಯಾಮೆರಾದ ಪರದೆಯ ಮೇಲಿನ ಸೆಟ್ಟಿಂಗ್ ಪಟ್ಟಿಯನ್ನು ಸಾಲು ಸಾಲಾಗಿ ಓದಿದರು. ಓದಿ ಓದಿ ಒಮ್ಮೆಲೇ, "ಅಯ್ಯೋ, ಇದು ಪ್ರಿಂಟರ್‌ಗೆ ಕಾಯ್ತಾ ಕೂತಿದೆ ಕಣ್ರೀ! ಕಂಪ್ಯೂಟರ್ ಜೊತೆ ಹೇಗೆ ಮಾತಾಡುತ್ತೆ?" ಎಂದರು. ಅದನ್ನು ಬದಲಿಸಿ ಮತ್ತೆ ಹಚ್ಚಿದೆವು. 'ಟಿಣ್' ಎಂದು ಅರವತ್ತೊಂದು ಫೋಟೋ ಒಂದರ ಹಿಂದೊಂದು ಬಂದು ಕೂತವು.

ನನ್ನ ಗುರುತಿನ ಚೀಟಿಗೆ ಫೋಟೋ ಬೇಕೆಂದಾಗ ನೀನು ಗೆಳತಿಯ ಮನೆಯ ಪ್ರಿಂಟರಿಗೆ ಹಚ್ಚಿ ತೆಗೆದು ತಂದಿದ್ದೆ. ಆಮೇಲೆ ಆ ಕ್ಯಾಮೆರಾವನ್ನು ಯಾರೂ ಮುಟ್ಟಿರಲಿಲ್ಲ.

ನಿನ್ನ ಅಪ್ಪ ಎಷ್ಟು ಚೆನ್ನಾಗಿ ಬಂದಿದ್ದಾರೆ ಗೊತ್ತೆ? ಒಂದರಲ್ಲಿ ನನ್ನ ಕನ್ನಡಕ ಏರಿಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಾರೆ. ಮೂವತ್ತು ವರ್ಷ ಬಸ್ಸು ಓಡಿಸಿದ ಕೈ, ನಾಲಿಗೆ ಕಚ್ಚಿಕೊಂಡು! ಇನ್ನೊಂದರಲ್ಲಿ ಪೇಪರನ್ನು ಹೊಟ್ಟೆಯ ಮೇಲೆ ಹರವಿಕೊಂಡು ನಿದ್ದೆ. ಮತ್ತೊಂದರಲ್ಲಿ ನೀನು ಡ್ಯೂಟಿಗೆ ಹೊರಟಿದ್ದೀಯ, ನಿನ್ನ ಕಾಲರ್ ಸರಿ ಮಾಡುತ್ತಿದ್ದಾರೆ. ಅವರ ಕಣ್ಣು ಕಾಲರಿನ ಮೇಲಿಲ್ಲ, ನಿನ್ನ ಮೇಲಿದೆ. ಅದನ್ನು ನಾನೇ ತೆಗೆದದ್ದು. ಸ್ವಲ್ಪ ವಾಲಿದೆ.

ಹನ್ನೊಂದನ್ನು ದೊಡ್ಡದಾಗಿ ತೆಗೆಸಿ, ಮಡಚದಂತೆ ರಟ್ಟು ಇಟ್ಟು ಕಳಿಸುತ್ತಿದ್ದೇನೆ. ಉಳಿದವೆಲ್ಲ ಪೆನ್‌ಡ್ರೈವಿನಲ್ಲಿವೆ.

ನಿನ್ನ ದುಃಖ ಮೆಲ್ಲಗೆ ಹಗುರವಾಗಲಿ. ದುಡಿದು ಬಂದ ದಿನ ನಿನಗೆ ಬಿಸಿ ಊಟ ಸಿಗಲಿ, ಕಣ್ತುಂಬ ನಿದ್ದೆ ಬರಲಿ. ಎಲ್ಲಿದ್ದರೂ ಚೆನ್ನಾಗಿರು ತಾಯಿ.

ನಿನ್ನ
ಅತ್ತೆ

ತಾ.ಕ.: ಕವರು ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಎರಡೂ ಮನೆಯವರು ಕೂತು ಮಾತಾಡಿದ ದಿನ ನನ್ನ ಮಗ, "ಇವಳು ನಮ್ಮಮ್ಮನ್ನ ಒಂದು ದಿನಾನೂ ನೋಡ್ಕೊಂಡಿಲ್ಲ" ಅಂದ. ನೀನು ತಿರುಗಿ ನನ್ನ ಮುಖ ನೋಡಿದೆ. ನನ್ನ ಮಣಿಕಟ್ಟು ಮುರಿದಿದ್ದಾಗ ಆರು ವಾರ ಸ್ನಾನ ಮಾಡಿಸಿ, ತಲೆ ಬಾಚಿ, ತುತ್ತು ಕೊಟ್ಟವಳು ನೀನು. ನಾನು ನೆಲ ನೋಡುತ್ತ ಕೂತೆ. ಹೆತ್ತ ಮಗನನ್ನು ನಾಲ್ಕು ಜನರ ಎದುರು ಸುಳ್ಳುಗಾರ ಎನ್ನಲು ಬಾಯಿ ಬರಲಿಲ್ಲ. ಮೊನ್ನೆ ಈ ಫೋಟೋಗಳನ್ನು ಅವನ ಮುಂದಿಟ್ಟು, "ಅವತ್ತು ನೀನು ಸುಳ್ಳು ಹೇಳಿದೆ, ನಾನು ಸುಮ್ಮನಿದ್ದೆ. ತಪ್ಪು ಇಬ್ಬರದೂ" ಎಂದೆ. ಅವನು ಎದ್ದು ಹೋಗಲಿಲ್ಲ. ಆದರೆ ಅವತ್ತು ನಿನ್ನ ಅಪ್ಪ ನಿನ್ನ ಪಕ್ಕದಲ್ಲೇ ಕೂತಿದ್ದರು. ಮಗಳ ಮೇಲೆ ಬಂದ ಆ ಮಾತನ್ನು ಕಿವಿಯಲ್ಲಿಟ್ಟುಕೊಂಡೇ ಹೋದರು. ಅವರಿಗೆ ನಾನಿನ್ನು ಹೇಳಲಾರೆ. ನಿನಗಾದರೂ ಹೇಳುತ್ತೇನೆ: ನೀನು ನನ್ನನ್ನು ನೋಡಿಕೊಂಡೆ ಮಗಳೇ. ಚೆನ್ನಾಗಿ ನೋಡಿಕೊಂಡೆ.