ರಟ್ಟಿನ ಮೇಲೆ ಬರೆದ ಬೂತಾಯಿ

ಬಲ್ಲಾರೊ ಸಂತೆಬೀದಿ, ಪಲೆರ್ಮೊ
ನವೆಂಬರ್ ೧೯, ಮಂಗಳವಾರ

ಎದುರಂಗಡಿಯ ಗಾಸ್ಪರೆಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಸುಳ್ಳು ಹೇಳುತ್ತೀಯೆ.

ನಿನ್ನ ಮೀನಿನ ಹಲಗೆಗೂ ನನ್ನ ನಿಂಬೆಬುಟ್ಟಿಗೂ ನಡುವೆ ಏಳು ಹೆಜ್ಜೆ. ನಾನು ನಿನ್ನ ಮನೆ ಬಿಟ್ಟು ಏಳು ವರ್ಷ. ಅಂದಿನಿಂದ ಗಂಡಹೆಂಡಿರು ಮುಖ ಕೊಟ್ಟು ಒಂದು ಮಾತೂ ಆಡಿಲ್ಲ. ಆಡಬೇಕಾದ್ದನ್ನೆಲ್ಲ ಸರಕು ಕೂಗುವಾಗಲೇ ಆಡಿ ಮುಗಿಸಿದ್ದೇವೆ. "ಬನ್ರವ್ವಾ ಬನ್ನಿ, ಈಗಷ್ಟೇ ಸಮುದ್ರದಿಂದ ಎದ್ದು ಬಂದ ಬೂತಾಯಿ ಮೀನು! ಎದುರಿನವಳ ನಿಂಬೆ ಥರ ಸುಕ್ಕುಗಟ್ಟಿಲ್ಲ!" ಎಂದು ನೀನು. "ಒಂದಲ್ಲ ಎರಡು ನಿಂಬೆ ಒಯ್ಯಿರಿ, ಎದುರಿನವನ ಮೀನಿನ ನಾತಕ್ಕೆ ಒಂದು ಸಾಲೋದಿಲ್ಲ!" ಎಂದು ನಾನು. ಜನ ನಕ್ಕು, ನಿನ್ನಲ್ಲಿ ಮೀನು ಕೊಂಡು, ನಿಂಬೆಗೆ ನನ್ನ ಕಡೆ ತಿರುಗುತ್ತಿದ್ದರು.

ಹೋದ ಗುರುವಾರ ನೀನು ತುಟಿ ಹೊಲಿದುಕೊಂಡು ಬಂದೆ. ಮೀನಿನ ರಾಶಿಗೆ ಒಂದು ರಟ್ಟು ಚುಚ್ಚಿದೆ: ‘ಬೂತಾಯಿ, ಇಂದಿನದು.’ ನಿನ್ನಜ್ಜ, ನಿನ್ನಪ್ಪ ನಿಂತು ಕೂಗಿದ ಜಾಗದಲ್ಲಿ ರಟ್ಟು! ಈ ಬೀದಿಯಲ್ಲಿ ಬಾಯಿದ್ದವರು ಯಾರಾದರೂ ಬರೆದು ಮಾರಿದ್ದುಂಟೆ? ಆಲಿವ್ ಮಾರುವವಳು, "ನಿನ್ ಗಂಡ ಈಗ ದೊಡ್ಡ ಸಾಹುಕಾರ ಕಣೇ, ಹಡಗಿಂದ ಇಳಿಯೋ ಪರದೇಶಿಗಳಿಗೆ ಮಾತ್ರ ಮಾರ್ತಾನಂತೆ" ಎಂದು ಮೂಗು ಮುರಿದಳು. ನಾನು ನಂಬಿದೆ. "ನೋಡ್ರಪ್ಪೋ, ಎದುರಿನ ಹುಂಜ ಕೂಗೋದು ಬಿಟ್ಟು ಕಾವಿಗೆ ಕೂತಿದೆ!" ಎಂದು ಐದು ದಿನ ಕೂಗಿದೆ. ಬೀದಿಯೇ ಬಿದ್ದು ಬಿದ್ದು ನಕ್ಕಿತು. ನೀನು ತಲೆ ಬಗ್ಗಿಸಿ ಮೀನಿನ ಹುರುಪೆ ತೆಗೆಯುತ್ತಿದ್ದೆ. ಗೆದ್ದೆ ಅಂದುಕೊಂಡೆ, ಮಂಕುಮುಂಡೇದು ನಾನು.

ಇವತ್ತು ಬೆಳಿಗ್ಗೆ ಮಿಮ್ಮೊ, ಅದೇ ಕಡಲೆಹಿಟ್ಟಿನ ಬಿಲ್ಲೆ ಕರಿಯುವ ನಿನ್ನ ಜೀವದ ಗೆಳೆಯ, ಬಾಣಲೆಯಿಂದ ಕಣ್ಣೆತ್ತದೆ ಹೇಳಿದ: "ಸಾಕು ಮಾಡು ನಿನ್ಫಾ. ಅವನ ಗಂಟ್ಲಲ್ಲಿ ಗಡ್ಡೆ ಎದ್ದಿದೆ. ಕೂಗೋದಿರ್ಲಿ, ಎಂಜಲು ನುಂಗೋಕೂ ಆಗ್ತಿಲ್ಲ." ಗುರುವಾರ ಕೊಯ್ಯಿಸಬೇಕಂತೆ. ಕೊಯ್ದರೆ ದನಿ ಉಳಿದರೂ ಉಳಿದೀತು, ಹೋದರೂ ಹೋದೀತು. ಬಿಟ್ಟರೆ ಜೀವವೇ ಹೋಗುತ್ತದಂತೆ. ನೀನು ಅವನಿಗೆ ಪಿಸುಗುಟ್ಟಿದೆಯಂತಲ್ಲ, "ಮೂಗನಾಗಿ ಈ ಬೀದೀಲಿ ನಿಲ್ಲೋದಕ್ಕಿಂತ ಹೋಗೋದೇ ವಾಸಿ, ಆಸ್ಪತ್ರೆಗೆ ಬರಲ್ಲ" ಎಂದು? ನನ್ನ ಕೈಯಲ್ಲಿದ್ದ ಹೂಕೋಸನ್ನು ಮಿಮ್ಮೊನ ಮೇಲೆಯೇ ಎಸೆದೆ. ಪಾಪ, ಅದು ನಿನಗೆ ಸಲ್ಲಬೇಕಾದದ್ದು.

ಮತ್ತೆ ಅದೇ ಕೆಲಸ ಮಾಡಿದೆಯಲ್ಲೋ! ಏಳು ವರ್ಷದ ಹಿಂದೆ ಆ ಶನಿವಾರ, ನನ್ನ ಅಮ್ಮ ತೀರಿಕೊಂಡ ಸುದ್ದಿ ಬೆಳಿಗ್ಗೆಯೇ ನಿನ್ನ ಕಿವಿಗೆ ಬಿದ್ದಿತ್ತು. ಸಂತೆ ಮುಗಿಯುವವರೆಗೆ ಅದನ್ನು ನುಂಗಿಕೊಂಡು, ಕೂಗಿ, ನಗಿಸಿ, ನನ್ನನ್ನೂ ನಗಿಸಿದೆ. ಅಮ್ಮ ಅಲ್ಲಿ ತಣ್ಣಗಾಗುತ್ತಿದ್ದಾಗ ನಾನು ಇಲ್ಲಿ ಹಲ್ಲು ಕಿರಿಯುತ್ತಿದ್ದೆ. ಅದಕ್ಕೇ ಮನೆ ಬಿಟ್ಟೆ. ಈಗ ಜಡ್ಡು ಬಿದ್ದವನನ್ನು ನಾನು ಐದು ದಿನ ಬೀದಿಯಲ್ಲಿ ನಿಂತು ಅಣಕಿಸುವಂತೆ ಮಾಡಿದೆ. ನಿನ್ನ ಬಾಯಿಯನ್ನು ಕ್ಷಮಿಸಿಯೇನು, ಈ ಮೌನವನ್ನು ಕ್ಷಮಿಸುವುದಿಲ್ಲ.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ಯಲು ಚರ್ಚಿನ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ. ನೀನು ಬರದಿದ್ದರೆ ನಿನ್ನ ಮನೆಯ ಕೆಳಗೆ ನಿಂತು, ಏಳು ವರ್ಷ ನುಂಗಿದ್ದನ್ನೆಲ್ಲ ಕೂಗುತ್ತೇನೆ. ಉತ್ತರ ಕೊಡಲು ನಿನಗೆ ದನಿಯಿಲ್ಲ, ನೆನಪಿರಲಿ. ತೋಳು ಹರಿದ ಆ ಕೋಟು ಹಾಕಿಕೊಂಡು ಬಂದು ನನ್ನ ಮಾನ ಕಳೆಯಬೇಡ.

ಸಿಟ್ಟು ಒಂದು ಚೂರೂ ಇಳಿಯದ,
ನಿನ್ಫಾ

ಮರೆತಿದ್ದೆ: ಇವತ್ತು ಮಧ್ಯಾಹ್ನ ಬೂತಾಯಿ ಖಾಲಿಯಾದದ್ದು ರಟ್ಟಿನ ಪ್ರತಾಪ ಎಂದು ಉಬ್ಬಬೇಡ. ನೀನು ಮಂಜುಗಡ್ಡೆ ತರಲು ಹೋಗಿದ್ದಾಗ ರಟ್ಟನ್ನು ಹರಿದು, ನಿನ್ನ ಹಲಗೆಯ ಹಿಂದೆ ನಿಂತು ಕೂಗಿದವಳು ನಾನು. ನಿನ್ನ ಕೂಗೇ, ನಿನ್ನ ರಾಗದಲ್ಲೇ. ಸುಕ್ಕುಗಟ್ಟಿದ ನಿಂಬೆಯ ಸಾಲನ್ನೂ ಬಿಡಲಿಲ್ಲ.