ಡ್ಯಾಸ್ಟರ್ಡ್ಲಿ ಅಂದರೆ ಏನು, ಅಪ್ಪ?

ಅಪ್ಪಾ, ನಿಮಗೇ ಬರೆಯುತ್ತಿದ್ದೇನೆ.

ಹೋದ ವಾರ ಮಹಾಪೆಯ ಆಫೀಸಿನಲ್ಲಿ ಯಾರೋ ನನ್ನ ಫೈಲ್ ಅಳಿಸಿದ್ದಕ್ಕೆ ಸಿಟ್ಟಿನಿಂದ ಒಂದು ಮೇಲ್ ಬರೆದೆ. ಅದರಲ್ಲಿ ನಿಮ್ಮ ಹಳೆಯ ಶಬ್ದ ಬಂತು, 'ಡ್ಯಾಸ್ಟರ್ಡ್ಲಿ'. ಪಕ್ಕದ ಹುಡುಗಿ ನಕ್ಕಳು. "ಇದನ್ನ ಈಗ ಯಾರು ಬರೀತಾರೆ? ಪೇಪರ್‌ನವರು ಮಾತ್ರ!" ದುಷ್ಟ, ನೀಚ ಎಂದಷ್ಟೇ ನನಗೆ ಗೊತ್ತಿತ್ತು. ನಿಘಂಟು ತೆರೆದರೆ ಅದರ ಮೂಲದಲ್ಲಿ ಒಬ್ಬ ಹೇಡಿ ಕೂತಿದ್ದಾನೆ! ಮುಖ ತೋರಿಸದೆ ಕೆಡುಕು ಮಾಡುವವನು. ನಿಮಗಿದು ಗೊತ್ತಿತ್ತೇ? ಇಲ್ಲಾ, ಕಲ್ಯಾಣದ ಹೋಟೆಲಿನ ಗಲ್ಲಾದಲ್ಲಿ ಕೂತು ಓದುತ್ತಿದ್ದ ಪೇಪರಿನಿಂದ ಹಾಗೇ ಎತ್ತಿಕೊಂಡಿರೋ...

ನೆನಪಿದೆಯಾ, ನಾವು ಉಡುಪಿಗೆ ಹೋಗಿ ಬರುವಷ್ಟರಲ್ಲಿ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹಿಂದೆ ನೀವು ನೆಟ್ಟ ನುಗ್ಗೆಮರವನ್ನು ಯಾರೋ ಕಡಿದಿದ್ದರು. ನೀವು ಊಟ ಬಿಟ್ಟು ಇಂಗ್ಲಿಷಿನಲ್ಲಿ ನೋಟಿಸ್ ಬರೆದು ಬೋರ್ಡಿಗೆ ಹಚ್ಚಿದಿರಿ: ಇದು ಡ್ಯಾಸ್ಟರ್ಡ್ಲಿ ಕೃತ್ಯ. ಯಾರ ಹೆಸರೂ ಇರಲಿಲ್ಲ. ಮರುದಿನದಿಂದ ಕೆಳಗಿನ ಮನೆಯ ಶಿವಪ್ಪ ಕಾಕಾ ಮಾತು ಬಿಟ್ಟರು. ವಿಜಯಪುರದ ಆ ಮನುಷ್ಯ ಫ್ಯಾಕ್ಟರಿಯಿಂದ ಬಂದವರೇ ದಿನವೂ ನಿಮ್ಮ ಜೊತೆ ಚಹಾ ಕುಡಿಯುತ್ತಿದ್ದವರು. "ನಾನೇನು ಮಾಡಿದೆ ಮಾರಾಯ್ತಿ ಅವರಿಗೆ?" ಎಂದು ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದಲ್ಲೂ ನನ್ನನ್ನು ಕೇಳಿದ್ದಿರಿ.

ಭಾನುವಾರ ಕಾಕಾ ಕೆಳಗಿನ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ಕೇಳಿಯೇಬಿಟ್ಟೆ.

"ನಿಮ್ಮಪ್ಪ ನನಗ ಬಾಸ್ಟರ್ಡ್ ಅಂತ ಬರ್ದಿದ್ರವ್ವಾ. ಬಿಲ್ಡಿಂಗಿನ ಸೆಕ್ರೆಟರಿ ಓದಿ ಹೇಳ್ದಾಗ ನನ್ನ ಕಿವಿಲೆ ಕೇಳೀನಿ."

"ಅಲ್ಲ ಕಾಕಾ, ಅದು ಡ್ಯಾಸ್ಟರ್ಡ್ಲಿ. ಕದ್ದು ಮಾಡುವ ಹೇಡಿ ಕೆಲಸ ಅಂತ. ಅದರಲ್ಲಿ ನಿಮ್ಮ ಹೆಸರೇ ಇರಲಿಲ್ಲವಲ್ಲ?"

ಕಾಕಾ ಬೆಂಚಿನಲ್ಲಿ ಸರಿದು ನನಗೆ ಜಾಗ ಮಾಡಿಕೊಟ್ಟರು.

"ಗಿಡದ ಕಂಬಳಿಹುಳ ಕಿಡಕ್ಯಾಗ ಬರ್ತಿದ್ವು. ಮೊಮ್ಮಗಳ ಮೈತುಂಬ ದದ್ದು. ನಿಮ್ಮಪ್ಪಗ ಹೇಳಾಕ ಬಾಯಿ ಬರಲಿಲ್ಲ. ನೀವು ಊರಿಗೆ ಹೋದಾಗ ಕಡದೆ." ಆಮೇಲೆ ಮೆಲ್ಲಗೆ, "ಹೇಡಿ ಅಂದದ್ದು ಖರೇನ ಐತಿ. ಆ ಬೈಗಳಕ್ಕಿಂತ ಇದ ಹೆಚ್ಚು ಚುಚ್ಚತೈತಿ" ಎಂದರು.

ನನಗೆ ಸಿಟ್ಟು ಬರಬೇಕಿತ್ತಲ್ಲವೇ? ಬರಲಿಲ್ಲ. ನೀವಾಗಿದ್ದರೆ...

ಇವತ್ತು ಬೆಳಗ್ಗೆ ಬಸ್ಸಿಗೆ ಓಡುವಾಗ ಬೋರ್ಡಿನ ಮುಂದೆ ಜನ ನಿಂತಿದ್ದರು. ಒಂದು ಕಾಗದ, ದಪ್ಪ ದಪ್ಪ ಕನ್ನಡ ಅಕ್ಷರ. ನಮ್ಮ ಎರಡು ಮನೆ ಬಿಟ್ಟರೆ ಅದನ್ನು ಓದಬಲ್ಲವರು ಬಿಲ್ಡಿಂಗಿನಲ್ಲಿ ಯಾರೂ ಇಲ್ಲ. "ನುಗ್ಗಿ ಗಿಡ ಕಡದಾಂವ ನಾನ. ತಪ್ಪಾತು." ಕೆಳಗೆ ಪೂರ್ತಿ ಹೆಸರು, ರೂಮ್ ನಂಬರ್.

"ಕ್ಯಾ ಲಿಖಾ ಹೈ?" ಎಂದು ಸೆಕ್ರೆಟರಿ ನನ್ನನ್ನು ಕೇಳಿದರು.

ಅಪ್ಪನಿಗೆ ಬಂದ ಕಾಗದ ಎಂದೆ.